ಎರೆಹೊಲದ ಹತ್ತಿ, ಮುಂಬಯಿಯ ಗೋಪುರ

ಮುಂಬಯಿ ನೋಡಲು ಹೋದವರೆಲ್ಲ ಮೊದಲು ಗೇಟ್‌ವೇ ಆಫ್ ಇಂಡಿಯಾ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅದು ಪೂರ್ತಿಯಾದದ್ದು 1924ರಲ್ಲಿ. ಕೋಟೆ ಭಾಗದ ಹಲವು ದೊಡ್ಡ ಕಟ್ಟಡಗಳಿಗಿಂತ ಅದು ಕಿರಿಯದು. ಅದಕ್ಕಿಂತ ಸುಮಾರು ಅರ್ಧ ಶತಮಾನ ಮೊದಲೇ ರಾಜಾಬಾಯಿ ಗೋಪುರ, ಹೈಕೋರ್ಟು, ವಿಶ್ವವಿದ್ಯಾಲಯದ ಸಭಾಂಗಣ, ಕ್ರಾಫರ್ಡ್ ಮಾರ್ಕೆಟ್ಟು, ಇವತ್ತು ಹಾರ್ನಿಮನ್ ಸರ್ಕಲ್ ಎಂದು ಕರೆಯುವ ಎಲ್ಫಿನ್‌ಸ್ಟನ್ ಸರ್ಕಲ್ ಎದ್ದಿದ್ದವು. ಇವುಗಳ ಹಿಂದೆ ಬಹುಮಟ್ಟಿಗೆ ಒಂದೇ ಬೆಳೆಯ ದುಡ್ಡು ಓಡಾಡಿದೆ. ಆ ಬೆಳೆ ಹತ್ತಿ. ಗುಜರಾತ, ವಿದರ್ಭ, ಖಾನದೇಶಗಳಿಂದ ಬಂದ ಹತ್ತಿಯ ಜೊತೆಗೆ ನಮ್ಮ ಗದಗ, ನವಲಗುಂದ, ಹುಬ್ಬಳ್ಳಿ, ರೋಣದ ಎರೆಹೊಲಗಳ ಹತ್ತಿಯೂ ಅಲ್ಲಿಗೆ ಹೋಗಿತ್ತು. ಶಾಲೆಯಲ್ಲಿ ಇಷ್ಟು ವರ್ಷ ಇತಿಹಾಸ ಕಲಿಸಿದ ನಾನು ಈ ಸಂಗತಿಯನ್ನು ಯಾವ ಪಠ್ಯಪುಸ್ತಕದಲ್ಲೂ ಕಾಣಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಮುಂಬಯಿಗೆ ನಾನು ಹೋದದ್ದು ನಮ್ಮ ಕಾಕಾನ ಜೊತೆ. ಅವರು ಗದಗಿನ ಹತ್ತಿ ಮಾರ್ಕೆಟ್ಟಿನಲ್ಲಿ ಬಹುಕಾಲ ದಲಾಲಿ ಅಂಗಡಿ ನಡೆಸಿದವರು. ಅವರ ಕಾಲದಲ್ಲಿ ಬೆಳಗಾದರೆ ಅಂಗಡಿಗಳ ಮೊದಲ ಪ್ರಶ್ನೆ 'ಮುಂಬೈ ಬಜಾರ ಏನೈತ್ರಿ?' ಟ್ರಂಕ್ ಕಾಲ್ ಬರುವ ತನಕ ಯಾರೂ ಸವಾಲು ಕೂಗುತ್ತಿರಲಿಲ್ಲ. 1921ರಲ್ಲಿ ಹುಟ್ಟಿದ ಈಸ್ಟ್ ಇಂಡಿಯಾ ಕಾಟನ್ ಅಸೋಸಿಯೇಶನ್ ಹೇಳಿದ ದರದ ಮೇಲೆ ಗದಗಿನ ದರ, ಗದಗಿನ ದರದ ಮೇಲೆ ಹಳ್ಳಿಯ ರೈತನ ಮಗಳ ಮದುವೆ. ಇಡೀ ಬದುಕು ಆ ಊರಿನ ಮಾತು ಕೇಳಿಕೊಂಡು ವ್ಯಾಪಾರ ಮಾಡಿದ ಮನುಷ್ಯ ಆ ಊರನ್ನು ಕಣ್ಣಿಂದ ನೋಡಿರಲಿಲ್ಲ. ಗದಗದಿಂದ ವಿಜಯಪುರ, ಸೊಲ್ಲಾಪುರದ ಮೇಲೆ ಹೋಗುವ ರೈಲು ನೇರ ವಿ.ಟಿ. ಸ್ಟೇಶನ್ನಿಗೇ ತಂದು ಇಳಿಸುತ್ತದೆ. ಇಳಿದ ಕೂಡಲೇ ಅವರು ಹೇಳಿದ್ದು: "ನನಗ ಗೇಟ್‌ವೇ ಆಮ್ಯಾಲ ತೋರಸವಾ. ನಮ್ಮ ಅಂಡಿಗಿ ಎಲ್ಲಿ ಇಳೀತಿದ್ವು, ಮೊದಲ ಅದನ್ನ ತೋರಸು."

ಆ ಒಂದು ಮಾತಿನಿಂದ ನಮ್ಮ ತಿರುಗಾಟದ ದಾರಿ ಗೊತ್ತಾಯಿತು. ಹತ್ತಿ ಹೋದ ದಾರಿಯಲ್ಲೇ ನಾವೂ ಹೋದೆವು.

ಮುಂಬಯಿಯಲ್ಲಿ ಹತ್ತಿ ಇಳಿಯುತ್ತಿದ್ದ ಜಾಗ ಎರಡು ಸಲ ಬದಲಾಗಿದೆ. ಮೊದಲು ಟೌನ್ ಹಾಲ್ ಎದುರಿನ ಬಯಲಿನಲ್ಲೇ ಅಂಡಿಗೆಗಳನ್ನು ಒಟ್ಟುತ್ತಿದ್ದರು. ಟೌನ್ ಹಾಲ್ ಎಂದರೆ 1833ರಲ್ಲಿ ಮುಗಿದ, ದೊಡ್ಡ ದೊಡ್ಡ ಕಂಬಗಳ, ಏಶಿಯಾಟಿಕ್ ಸೊಸೈಟಿಯ ಗ್ರಂಥಾಲಯವಿರುವ ಕಟ್ಟಡ. ಬೆಂಕಿಯ ಭಯ, ಜಾಗದ ಇಕ್ಕಟ್ಟು ಹೆಚ್ಚಿದ ಮೇಲೆ 1840ರ ದಶಕದಲ್ಲಿ ಹತ್ತಿಯನ್ನು ಕೊಲಾಬಾಕ್ಕೆ ಸಾಗಿಸಿದರು. ಅಲ್ಲಿಂದ 1920ರ ದಶಕದಲ್ಲಿ ಶಿವಡಿಗೆ. ಹಾರ್ಬರ್ ಲೈನಿನಲ್ಲಿ ಲೋಕಲ್ ಹಿಡಿದರೆ 'ಕಾಟನ್ ಗ್ರೀನ್' ಎಂಬ ಸ್ಟೇಶನ್ ಬರುತ್ತದಲ್ಲ, ಅದು ಆ ಹತ್ತಿ ಬಯಲಿನ ಹೆಸರು.

ಟೌನ್ ಹಾಲಿನ ಮೆಟ್ಟಿಲ ಮೇಲೆ ಕಾಕಾ ಬಹಳ ಹೊತ್ತು ಕೂತರು. ಎದುರಿಗೆ ಕಬ್ಬಿಣದ ಬೇಲಿಯ ದುಂಡು ತೋಟ, ಸುತ್ತ ಒಂದೇ ಅಳತೆಯ ಕಮಾನುಗಳ ಸಾಲು. 1850ರ ದಶಕದಲ್ಲಿ ಇದೇ ಟೌನ್ ಹಾಲಿನ ಎದುರು ಆಲದ ಮರದ ಕೆಳಗೆ ಷೇರು ದಲಾಲರು ಸೇರುತ್ತಿದ್ದರು. 1875ರಲ್ಲಿ ಅವರೇ ಕೂಡಿ ಸಂಘ ಕಟ್ಟಿಕೊಂಡರು. ಇವತ್ತಿನ ಬಾಂಬೆ ಸ್ಟಾಕ್ ಎಕ್ಸ್‌ಚೇಂಜ್ ಅದೇ. ಹತ್ತಿಯ ಬಯಲಿದ್ದ ಅಂಗಳದಲ್ಲೇ ಮುಂದೆ ಷೇರಿನ ವ್ಯಾಪಾರ ನಡೆಯಿತು ಎಂಬುದನ್ನು ನೆನಪಿಡಬೇಕು, ಏಕೆಂದರೆ 1861ರಿಂದ 1865ರ ನಡುವೆ ನಡೆದದ್ದರಲ್ಲಿ ಹತ್ತಿ, ಷೇರು ಎರಡೂ ಒಂದಕ್ಕೊಂದು ಹೆಣೆದುಕೊಂಡಿದ್ದವು.

ಅದಕ್ಕೂ ಮೊದಲು ನಮ್ಮ ಕಡೆಯ ಕಥೆ ಹೇಳಬೇಕು. ಇಂಗ್ಲೆಂಡಿನ ಮಿಲ್ಲುಗಳಿಗೆ ಬೇಕಾದ ಹತ್ತಿಯಲ್ಲಿ ಮುಕ್ಕಾಲು ಪಾಲು ಅಮೆರಿಕದ ಗುಲಾಮರ ದುಡಿಮೆಯಿಂದ ಬರುತ್ತಿತ್ತು. ಒಂದೇ ದೇಶವನ್ನು ನಂಬಿ ಕೂಡುವುದು ಅಪಾಯವೆಂದು ಅರಿತ ಈಸ್ಟ್ ಇಂಡಿಯಾ ಕಂಪನಿ 1840ರಲ್ಲಿ ಅಮೆರಿಕದ ಹತ್ತಿ ಬೆಳೆಗಾರರನ್ನೇ ಸಂಬಳ ಕೊಟ್ಟು ಕರೆಸಿತು. ದೇಶದ ಹಲವು ಕಡೆ ನ್ಯೂ ಆರ್ಲಿಯನ್ಸ್ ಬೀಜ ಬಿತ್ತಿಸಿ ನೋಡಿದರು. ಹೆಚ್ಚಿನ ಕಡೆ ಕೆಟ್ಟಿತು. ಧಾರವಾಡ ಜಿಲ್ಲೆಯ ನೆಲ ಮಾತ್ರ ಅದನ್ನು ಹಿಡಿಯಿತು. 'ಧಾರವಾರ್ ಅಮೆರಿಕನ್' ಎಂಬ ಹೆಸರಿನಿಂದ ಅದು ಲಿವರ್‌ಪೂಲ್ ಪೇಟೆಯ ದರಪಟ್ಟಿ ಸೇರಿತು. ನಮ್ಮ ಜವಾರಿ ಹತ್ತಿ ಅದೇ ಪಟ್ಟಿಯಲ್ಲಿ 'ಕುಂಪ್ಟಾ' ಎಂದು ಬರುತ್ತಿತ್ತು. ಅದು ಕುಮಟಾ ಬಂದರದಿಂದ ಹಡಗು ಹತ್ತುತ್ತಿತ್ತಲ್ಲ, ಅದಕ್ಕೆ.

ಎರಡೂ ಹತ್ತಿ ಬಿಡಿಸುವ ರೀತಿ ಬೇರೆ. ಜವಾರಿ ಹತ್ತಿಯ ಕಾಳಿನಿಂದ ಅರಳೆ ಸುಲಭವಾಗಿ ಬಿಡುತ್ತದೆ. ಹೆಣ್ಣುಮಕ್ಕಳು ಚಪ್ಪಟೆ ಕಲ್ಲಿನ ಮೇಲೆ ಹತ್ತಿ ಹರವಿ, ಮೇಲೆ ಕಬ್ಬಿಣದ ಸಲಾಕೆ ಇಟ್ಟು, ಅದನ್ನು ಅಂಗಾಲಿನಿಂದ ಹಿಂದೆ ಮುಂದೆ ಹೊರಳಿಸುತ್ತಿದ್ದರು. ಅರಳೆ ಒಂದು ಕಡೆ, ಹತ್ತಿಕಾಳು ಇನ್ನೊಂದು ಕಡೆ ಬೀಳುತ್ತಿತ್ತು. ಅಮೆರಿಕನ್ ಹತ್ತಿಗೆ ಇದು ನಡೆಯಲಿಲ್ಲ. ಅದರ ಎಳೆ ಕಾಳನ್ನು ಗಟ್ಟಿಯಾಗಿ ಹಿಡಿದಿರುತ್ತದೆ, ಗರಗಸದ ಹಲ್ಲಿನ ಜಿನ್ನೇ ಬೇಕು. ಹಾಗಾಗಿ ಸರ್ಕಾರ ಧಾರವಾಡದಲ್ಲಿ ಜಿನ್ ತಯಾರಿಸುವ, ರಿಪೇರಿ ಮಾಡುವ ಕಾರ್ಖಾನೆ ತೆರೆಯಿತು. ನಮ್ಮ ಸೀಮೆಯ ಬಡಗಿ, ಕಮ್ಮಾರರು ಯಂತ್ರ ಬಿಚ್ಚಿ ಜೋಡಿಸಲು ಕಲಿತದ್ದು ಅಲ್ಲಿ. ಉತ್ತರ ಕರ್ನಾಟಕದ ಯಂತ್ರಗಾರಿಕೆಯ ಚರಿತ್ರೆಯನ್ನು ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಿಂದ ಶುರು ಮಾಡುವುದು ವಾಡಿಕೆ. ಅದನ್ನು ಈ ಜಿನ್ ಕಾರ್ಖಾನೆಯಿಂದ ಶುರು ಮಾಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನು ಸಾಗಣೆ. ರೈಲು ಈ ಕಡೆ ಬಂದದ್ದು 1880ರ ದಶಕದಲ್ಲಿ. ಅದಕ್ಕೆ ಮೊದಲು ಬಂಡಿ, ಇಲ್ಲವೇ ಲಂಬಾಣಿಗರ ಹೇರೆತ್ತು. ಹುಬ್ಬಳ್ಳಿಯಿಂದ ಶಿರಸಿ, ಅಲ್ಲಿಂದ ದೇವಿಮನೆ ಘಟ್ಟ ಇಳಿದರೆ ಕುಮಟಾ. ಹತ್ತಿರ ಹತ್ತಿರ 160 ಕಿಲೋಮೀಟರ್. ಎರೆಹೊಲದ ಜವಾರಿ ಹತ್ತಿ ಬಿಡಿಸುವುದೇ ಫೆಬ್ರವರಿಯಿಂದ ಏಪ್ರಿಲ್ ತನಕ. ಜೂನ್ ಮೊದಲ ವಾರದಲ್ಲಿ ಮಳೆಗಾಲದ ಸಮುದ್ರ ಬಂದರನ್ನು ಮುಚ್ಚಿಬಿಡುತ್ತದೆ. ನಡುವಿನ ಕೆಲವೇ ವಾರಗಳಲ್ಲಿ ಬಿಡಿಸಿ, ಅರಳೆ ಮಾಡಿ, ಅಂಡಿಗೆ ಕಟ್ಟಿ, ಘಟ್ಟ ಇಳಿಸಿ, ಪತ್ತೇಮಾರಿಗೆ ಏರಿಸಬೇಕು. ತಡವಾದ ಅಂಡಿಗೆ ಕುಮಟೆಯ ಕಡಲ ತೀರದಲ್ಲಿ ಮಳೆಗಾಲವಿಡೀ ಕೂತು ಹಸಿಯಾಗುತ್ತಿತ್ತು. ಮರಳುವಾಗ ಬಂಡಿಗಳು ಉಪ್ಪು, ತೆಂಗಿನಕಾಯಿ ಹೇರಿಕೊಂಡು ಘಟ್ಟ ಹತ್ತುತ್ತಿದ್ದವು.

1861ರ ಏಪ್ರಿಲ್‌ನಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಯಿತು. ಉತ್ತರದವರ ನೌಕಾಪಡೆ ದಕ್ಷಿಣದ ಬಂದರುಗಳನ್ನು ಅಡ್ಡಗಟ್ಟಿತು. ಲಂಕಾಶೈರಿನ ಮಿಲ್ಲುಗಳು ನಿಂತವು. ಎಲ್ಲರ ಕಣ್ಣು ಮುಂಬಯಿಯ ಮೇಲೆ, ಮುಂಬಯಿಯ ಕಣ್ಣು ನಮ್ಮಂಥ ಜಿಲ್ಲೆಗಳ ಮೇಲೆ. ಕಾರವಾರದ ಬಂದರನ್ನು ಹತ್ತಿಗೆಂದೇ ಬೆಳೆಸಬೇಕೆಂಬ ಒತ್ತಡ ಎಷ್ಟಿತ್ತೆಂದರೆ 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನೇ ಮದ್ರಾಸ್ ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಮ್ಯಾಂಚೆಸ್ಟರ್ ಕಾಟನ್ ಕಂಪನಿ ಎಂಬ ಹೊಸ ಕಂಪನಿ ತನ್ನ ಯಂತ್ರಗಳನ್ನು ಕಾರವಾರಕ್ಕೆ ಕಳಿಸಿತು. ಹಡಗು ಬಂತು, ಇಳಿಸಲು ಕಟ್ಟೆ ಇಲ್ಲ, ಘಟ್ಟ ಹತ್ತಿಸಲು ರಸ್ತೆ ಮುಗಿದಿಲ್ಲ. ಯಂತ್ರಗಳು ಸಮುದ್ರದ ದಂಡೆಯಲ್ಲೇ ಬಿದ್ದವು. ಕಂಪನಿ ಬಾಳಲಿಲ್ಲ. ಉತ್ತರ ಕನ್ನಡದವರು ತೊಂಬತ್ತು ವರ್ಷಕ್ಕೂ ಮಿಕ್ಕಿ ಮುಂಬಯಿಯ ಆಡಳಿತದಲ್ಲಿದ್ದರಲ್ಲ, ಆ ಜಿಲ್ಲೆಯಿಂದ ಅಷ್ಟೊಂದು ಜನ ಓದಿಗೆ, ಕೆಲಸಕ್ಕೆ ಮುಂಬಯಿಯ ದಾರಿ ಹಿಡಿದರಲ್ಲ, ಅದರ ಹಿಂದೆ ಈ ಹತ್ತಿಯ ಅವಸರವೂ ಇದೆ.

ದರ ಏರಿದ ಹಾಗೆ ಕಲಬೆರಕೆಯೂ ಏರಿತು. ಅರಳೆಗೆ ನೀರು ಹೊಡೆಯುವುದು, ಕಾಳು ಸೇರಿಸುವುದು, ಮಣ್ಣು ಬೆರೆಸುವುದು, ಅಮೆರಿಕನ್ ಹತ್ತಿಯಲ್ಲಿ ಜವಾರಿ ಕೂಡಿಸುವುದು. 1863ರಲ್ಲಿ ಮುಂಬಯಿ ಸರ್ಕಾರ ಹತ್ತಿ ಮೋಸದ ಕಾಯ್ದೆಯನ್ನೇ ತಂದು ಇನ್‌ಸ್ಪೆಕ್ಟರುಗಳನ್ನು ನೇಮಿಸಿತು. ಇದನ್ನು ಹೇಳಿದಾಗ ಕಾಕಾ ಬಲಗೈ ಮುಂದೆ ಮಾಡಿ ಬೆರಳು ಮಡಿಚಿ ತೋರಿಸಿದರು. "ಇನ್‌ಸ್ಪೆಕ್ಟರ್ ಯಾಕ ಬೇಕವಾ? ನೀರ ಹೊಡದದ್ದು ಕೈಗೆ ಗೊತ್ತಾಗತೈತಿ. ಮುಷ್ಟ್ಯಾಗ ಹಿಡದು ಬಿಟ್ರ ಒಣಾ ಅರಳಿ ಉಬ್ಬಿ ಬರತೈತಿ, ಹಸೀದು ಹಂಗ ಮುದ್ದಿ ಆಗಿ ಕೂಡತೈತಿ." ಆಮೇಲೆ ಎರಡೂ ಕೈಯ ಹೆಬ್ಬೆರಳು ತೋರುಬೆರಳುಗಳ ನಡುವೆ ಇಲ್ಲದ ಎಳೆಯೊಂದನ್ನು ಹಿಡಿದು ಮೆಲ್ಲಗೆ ಎಳೆದರು. ಎಳೆಯ ಉದ್ದ, ಬಲ, ಮೃದುತನ ಮೂರನ್ನೂ ಆ ಒಂದು ಎಳೆತದಲ್ಲಿ ನೋಡಿ ದರ ಹೇಳುವುದು ದಲಾಲರ ವಿದ್ಯೆ. ಅಂಗಡಿ ಮುಚ್ಚಿ ಎಷ್ಟೋ ಕಾಲವಾದ ಮೇಲೂ ಅವರ ಬೆರಳಿಗೆ ಅದು ಮರೆತಿಲ್ಲ.

ಆ ನಾಲ್ಕು ವರ್ಷ ಮುಂಬಯಿಗೆ ಬಂದ ದುಡ್ಡು ಎಲ್ಲಿ ಹಾಕಬೇಕೆಂದು ತಿಳಿಯದಷ್ಟಿತ್ತು. ಬ್ಯಾಂಕುಗಳು, ಭೂಮಿ ಕಂಪನಿಗಳು ಸಾಲುಗಟ್ಟಿ ಹುಟ್ಟಿದವು. ಸಮುದ್ರ ತುಂಬಿ ನೆಲ ಮಾಡುವ ಬ್ಯಾಕ್ ಬೇ ಕಂಪನಿಯ ಷೇರಿಗೆ ಜನ ಮುಗಿಬಿದ್ದರು. ಈ ಎಲ್ಲದರ ನಡುವೆ ಇದ್ದವರು ಪ್ರೇಮಚಂದ್ ರಾಯಚಂದ್, ಸೂರತ್ ಮೂಲದ ಜೈನ ವ್ಯಾಪಾರಿ. ಇದೇ ಹೊತ್ತಿಗೆ ಗವರ್ನರ್ ಬಾರ್ಟಲ್ ಫ್ರಿಯರ್ ಹಳೆಯ ಕೋಟೆಯ ಗೋಡೆಗಳನ್ನು ಕೆಡವಿಸಿ, ತೆರವಾದ ನೆಲವನ್ನು ಏರಿದ ದರಕ್ಕೆ ಮಾರಿ, ಆ ಹಣದಿಂದ ದೊಡ್ಡ ಸರ್ಕಾರಿ ಕಟ್ಟಡಗಳ ಯೋಜನೆ ಹಾಕಿದ. ಊರಿಗೆ ಇವತ್ತೂ 'ಫೋರ್ಟ್' ಎಂಬ ಭಾಗ ಇದೆ, ಕೋಟೆ ಇಲ್ಲ.

1865ರ ಏಪ್ರಿಲ್‌ನಲ್ಲಿ ಅಮೆರಿಕದ ಯುದ್ಧ ಮುಗಿಯಿತು. ಸುದ್ದಿ ಬಂದದ್ದೇ ತಡ ಹತ್ತಿಯ ದರ ಕುಸಿಯಿತು. ಜುಲೈ 1 ಷೇರು ವಾಯಿದೆಗಳ ಲೆಕ್ಕ ತೀರಿಸುವ ದಿನವಾಗಿತ್ತು. ಆ ದಿನ ತೀರಿಸಬಲ್ಲವರು ಯಾರೂ ಉಳಿದಿರಲಿಲ್ಲ. ಪ್ರೇಮಚಂದರೂ ಮುಳುಗಿದರು. ಮುಂದೆ ಬ್ಯಾಂಕ್ ಆಫ್ ಬಾಂಬೆಯೂ ಬಿತ್ತು. ಆದರೆ ಕುಸಿತಕ್ಕೆ ಮುಂಚೆಯೇ ಪ್ರೇಮಚಂದರು ವಿಶ್ವವಿದ್ಯಾಲಯಕ್ಕೆ ಗ್ರಂಥಾಲಯಕ್ಕೆಂದು ಎರಡು ಲಕ್ಷ, ತಾಯಿಯ ಹೆಸರಿನ ಗಡಿಯಾರ ಗೋಪುರಕ್ಕೆಂದು ಮತ್ತೆ ಎರಡು ಲಕ್ಷ ರೂಪಾಯಿ ಕೊಟ್ಟಿದ್ದರು. ತಾಯಿಗೆ ಕಣ್ಣು ಕಾಣುತ್ತಿರಲಿಲ್ಲ, ಸೂರ್ಯ ಮುಳುಗುವ ಮೊದಲು ಊಟ ಮಾಡುವ ಜೈನರ ನೇಮಕ್ಕೆ ಗಂಟೆಯ ಸದ್ದು ನೆರವಾಗಲಿ ಎಂದು ಕಟ್ಟಿಸಿದರು ಎಂಬ ಮಾತು ಆ ಊರಿನಲ್ಲಿ ಬಳಕೆಯಲ್ಲಿದೆ.

ಓವಲ್ ಮೈದಾನದ ಹುಲ್ಲಿನ ಮೇಲೆ ನಿಂತರೆ ರಾಜಾಬಾಯಿ ಗೋಪುರ ಪೂರ್ತಿ ಕಾಣುತ್ತದೆ. ಎತ್ತರ 280 ಅಡಿ. ನಕ್ಷೆ ಲಂಡನ್ನಿನ ಜಾರ್ಜ್ ಗಿಲ್ಬರ್ಟ್ ಸ್ಕಾಟನದು. ಆತ ಮುಂಬಯಿಗೆ ಬರಲೇ ಇಲ್ಲ. ಕುರ್ಲಾದ ನಸುಹಳದಿ ಕಲ್ಲು. ಗೋಪುರದ ಮೇಲ್ಭಾಗದಲ್ಲಿ ಪಶ್ಚಿಮ ಭಾರತದ ಬೇರೆ ಬೇರೆ ಜಾತಿ ಜನಾಂಗಗಳವರ ಕಲ್ಲಿನ ಮೂರ್ತಿಗಳಿವೆ. ಪೇಟ, ನಿಲುವಂಗಿ, ನಿಂತ ಠೀವಿ ಎಲ್ಲ ಬೇರೆ ಬೇರೆ. ಕ್ರಿಕೆಟ್ ಆಡುವ ಹುಡುಗರ ಚೆಂಡು ಕಾಲಿಗೆ ಬಂದು ತಾಗಿದರೂ ಕಾಕಾ ಕತ್ತು ಕೆಳಗೆ ಮಾಡಲಿಲ್ಲ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಒಂದೊಂದೇ ಮೂರ್ತಿ ನೋಡಿದರು. ಕೊನೆಗೆ ಕೇಳಿದರು: "ಇದರಾಗ ಬಂಡಿ ಹೊಡ್ಯಾಂವ ಎಲ್ಲಿ ಅದಾನವಾ?"

ಆ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಒಂದು ಇಸವಿ. ಗೋಪುರ ಪೂರ್ತಿಯಾದದ್ದು 1878ರ ನವೆಂಬರ್‌ನಲ್ಲಿ. ಪಕ್ಕದ ಹೈಕೋರ್ಟು ಕಟ್ಟಡ ಮುಗಿದದ್ದೂ ಅದೇ ವರ್ಷ, ಅದೇ ತಿಂಗಳು. ನಾವು ಇಳಿದ ವಿ.ಟಿ. ಸ್ಟೇಶನ್ನಿನ ಕೆಲಸ ಶುರುವಾದದ್ದೂ 1878ರಲ್ಲೇ. ಅದಕ್ಕೆ ಹಿಂದಿನ ಎರಡು ವರ್ಷಗಳಲ್ಲಿ ಧಾರವಾಡ, ಕಲಾದಗಿ, ಬೆಳಗಾವಿ ಸೀಮೆಯಲ್ಲಿ ಏನಾಗುತ್ತಿತ್ತು? ಧಾತು, ಈಶ್ವರ ಸಂವತ್ಸರಗಳ ಬರ. 1876ರ ಮಳೆ ಹೋಯಿತು. ಜೋಳದ ಹಗೇವು ಬರಿದಾದವು. ಯುದ್ಧದ ಕಾಲದ ದರ ನೋಡಿ ಹತ್ತಿಯ ಮೇಲೆ ಸಾಲ ಮಾಡಿದ ರೈತ ದರ ಬಿದ್ದ ಮೇಲೂ ಸಾಲ ಹೊತ್ತೇ ಇದ್ದ. ಅಂಥವನ ಮೇಲೆ ಈ ಬರ ಬಂದು ಕೂತಿತು. ಜನ ಗಂಜಿ ಕೇಂದ್ರಗಳಿಗೆ, ಕಾಮಗಾರಿಗಳಿಗೆ ಹೋದರು, ಊರು ಬಿಟ್ಟರು, ಸತ್ತರು. ಹತ್ತಿ ಬೆಳೆದ ನೆಲ ಹಸಿದಿದ್ದ ವರ್ಷಗಳಲ್ಲೇ ಹತ್ತಿ ವ್ಯಾಪಾರದ ಗೋಪುರಕ್ಕೆ ಕೊನೆಯ ಕಲ್ಲುಗಳು ಏರುತ್ತಿದ್ದವು. ಇದರಲ್ಲಿ ಪ್ರೇಮಚಂದರ ತಪ್ಪೇನೂ ಇಲ್ಲ, ಅವರು ದಾನಿ. ಆದರೆ ಈ ಎರಡು ಸಂಗತಿಗಳನ್ನು ಬೇರೆ ಬೇರೆ ಪಾಠಗಳಲ್ಲಿ ಮಕ್ಕಳಿಗೆ ಹೇಳಿಕೊಡುವುದು ತಪ್ಪು. ಅವು ಒಂದೇ ಪಾಠದ ಎರಡು ಪುಟಗಳು.

ಮಿಲ್ಲುಗಳ ಕಥೆ ಹೆಚ್ಚು ಜನಕ್ಕೆ ಗೊತ್ತು. ಕಾವಸಜಿ ದಾವರ್ 1854ರಲ್ಲಿ ತಾಡದೇವದಲ್ಲಿ ಮೊದಲ ಗಿರಣಿಗೆ ಕೈಹಾಕಿದ್ದು, ಗಿರಣಗಾಂವ್ ಬೆಳೆದದ್ದು, 1982ರ ಜನವರಿಯಲ್ಲಿ ದತ್ತಾ ಸಾಮಂತರ ಮುಂದಾಳುತನದಲ್ಲಿ ಶುರುವಾದ ಮುಷ್ಕರ, ಆಮೇಲೆ ಗಿರಣಿಗಳ ಜಾಗದಲ್ಲಿ ಎದ್ದ ಮಾಲುಗಳು. ಲೋವರ್ ಪರೇಲಿನಲ್ಲಿ ಉಳಿದಿರುವ ಚಿಮಣಿಯೊಂದನ್ನು ಟ್ಯಾಕ್ಸಿಯಿಂದಲೇ ನೋಡಿ ನಾವು ಮುಂದೆ ಹೋದೆವು. ಕಾಕಾನ ಮನಸ್ಸೆಲ್ಲ ಶಿವಡಿಯ ಕಡೆ ಇತ್ತು.

ಕಾಟನ್ ಗ್ರೀನ್ ಸ್ಟೇಶನ್ನಿನಿಂದ ಹೊರಗೆ ಬಂದರೆ ಪ್ರವಾಸಿಗಳು ಯಾರೂ ಕಾಣುವುದಿಲ್ಲ. ಲಾರಿಗಳು, ಉದ್ದುದ್ದ ಗೋದಾಮುಗಳು, ಬಂದರಿನ ಕಡೆಯ ಉಪ್ಪುಗಾಳಿ. ನಡುವೆ ಕಾಟನ್ ಎಕ್ಸ್‌ಚೇಂಜಿನ ದೊಡ್ಡ ಕಟ್ಟಡ ನಿಂತಿದೆ. ಒಂದು ಕಾಲದಲ್ಲಿ ಇಲ್ಲಿ ದೇಶದ ಮೂಲೆ ಮೂಲೆಯ ಹತ್ತಿಯ ಮಾದರಿಗಳನ್ನು ಹರವಿ, ಬೆಳಕಿಗೆ ಹಿಡಿದು, ದರ ಕಟ್ಟುತ್ತಿದ್ದರು. ಗದಗಿನ ಅಂಗಡಿಗೆ ಮಾತು ಹೊರಡುತ್ತಿದ್ದ ಕಡೆಗೆ ಗದಗಿನವರೊಬ್ಬರು ಕೊನೆಗೂ ಬಂದು ನಿಂತರು. ಕಾಕಾ ಗೋದಾಮಿನ ಗೋಡೆಗೆ ಅಂಗೈ ಇಟ್ಟರು. ಇಲ್ಲಿ ನಮ್ಮ ಕಡೆಯ ಜಯಧರ ಜಾತಿಯ ಹತ್ತಿಗೆ ಏನು ಹೆಸರಿಟ್ಟಿದ್ದರು, ತೂಕ ಹೇಗೆ ಹಿಡಿಯುತ್ತಿದ್ದರು, ವಟಾವು ಎಷ್ಟು ಮುರಿಯುತ್ತಿದ್ದರು ಎಂದೆಲ್ಲ ತಮಗೆ ತಾವೇ ಲೆಕ್ಕ ಹೇಳಿಕೊಂಡರು. ಆಗ ಒಂದು ವಿಷಯ ನೆನಪಿಸಿದರು, ನನಗೆ ಅದು ಬಹಳ ಮುಖ್ಯವೆನಿಸಿತು. 1860ರ ಮುಂಬಯಿಯಲ್ಲಿ ಹತ್ತಿಯ ತೂಕ ಖಂಡಿ ಲೆಕ್ಕದಲ್ಲಿ. ಒಂದು ಖಂಡಿಯೆಂದರೆ 784 ಪೌಂಡು. ಕಿಲೋ ಬಂದು ಅರವತ್ತು ವರ್ಷ ದಾಟಿದರೂ ಭಾರತದಲ್ಲಿ ಅರಳೆಯ ದರವನ್ನು ಇಂದಿಗೂ 356 ಕಿಲೋದ ಖಂಡಿಗೇ ಹೇಳುತ್ತಾರೆ. ಎರಡೂ ಒಂದೇ ತೂಕ. ಪತ್ತೇಮಾರಿ ಹೋಗಿ, ರೈಲು ಬಂದು, ಕಂಪ್ಯೂಟರ್ ಪರದೆ ಬಂದರೂ ಆ ಅಳತೆ ಅಲುಗಲಿಲ್ಲ.

1956ರ ನವೆಂಬರ್ 1ರಂದು ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯ ಸೇರಿದವು. ಬೆಂಗಳೂರು ನಮ್ಮ ರಾಜಧಾನಿಯಾಯಿತು. ಅದು ಆಗಬೇಕಾದದ್ದೇ. ಆದರೆ ಅಂದಿನಿಂದ ನಮ್ಮ ಇತಿಹಾಸದ ಪುಸ್ತಕಗಳು ಮುಂಬಯಿಯನ್ನು ಪರಊರೆಂದು ಬಿಟ್ಟುಬಿಟ್ಟವು. ಮುಂಬಯಿಯ ಬಗ್ಗೆ ಬರೆಯುವವರಿಗೆ ಕುಮಟಾ ಒಂದು ಹತ್ತಿಯ ಹೆಸರು ಅಷ್ಟೇ. ಎರಡೂ ಕಡೆಯವರು ಕೈಬಿಟ್ಟ ನಡುವಿನ ಜಾಗದಲ್ಲಿ ದೇವಿಮನೆ ಘಟ್ಟ ಇಳಿದ ಬಂಡಿಯವರು, ಸಲಾಕೆ ಹೊರಳಿಸಿದ ಹೆಣ್ಣುಮಕ್ಕಳು, ಜಿನ್ ರಿಪೇರಿ ಮಾಡಿದ ಕಮ್ಮಾರರು ಉಳಿದುಹೋಗಿದ್ದಾರೆ. ಮುಂಬಯಿಯ ವ್ಯಾಪಾರಿಯ ಹೆಸರು ಕಲ್ಲಿನಲ್ಲಿದೆ, ಸಾಹೇಬರ ಹೆಸರು ಗೆಝೆಟಿಯರಿನಲ್ಲಿದೆ. ಇವರ ಹೆಸರು ಉಳಿದಿದ್ದರೆ ಅದು ನಮ್ಮ ಹಳೆಯ ಅಡತಿ, ದಲಾಲಿ ಅಂಗಡಿಗಳ ಕಿರ್ದಿ, ಖಾತಾವಣಿ ವಹಿಗಳಲ್ಲಿ ಮಾತ್ರ. ಯಾವ ಊರಿನ ಯಾರು ಎಷ್ಟು ಅಂಡಿಗೆ ತಂದರು, ಬಂಡಿ ಬಾಡಿಗೆ ಎಷ್ಟು, ಹಮಾಲಿ ಎಷ್ಟು, ಯಾರ ಸಾಲ ಎಷ್ಟು ಮುರಿದುಕೊಂಡರು ಎಲ್ಲ ಅದರಲ್ಲಿ ಬರೆದಿರುತ್ತದೆ. ಕೆಲವು ಮೋಡಿ ಲಿಪಿಯಲ್ಲಿವೆ. ಅದನ್ನು ಓದಬಲ್ಲವರು ವರ್ಷ ವರ್ಷ ಕಡಿಮೆಯಾಗುತ್ತಿದ್ದಾರೆ.

ನಮ್ಮ ಮನೆಯ ಅಟ್ಟದ ಮೇಲೆ ಅಜ್ಜನ ಕಾಲದ ವಹಿಗಳ ಗಂಟು ಇದೆ. ಊರಿಗೆ ಬಂದ ಮೇಲೆ ಕಾಕಾ ಅದನ್ನು ಇಳಿಸಿ, ಧೂಳು ಒರೆಸಿ, ಸಂಶೋಧಕರಿಗೆ ಕೊಡಲು ಒಪ್ಪಿದ್ದಾರೆ. ಗದಗ, ಹುಬ್ಬಳ್ಳಿ, ಬೈಲಹೊಂಗಲ, ಕುಮಟಾದ ಹಳೆಯ ವ್ಯಾಪಾರಿ ಮನೆತನದವರಲ್ಲಿ ನನ್ನ ಕೇಳಿಕೆ ಇಷ್ಟೇ: ಮನೆ ಕೆಡವುವಾಗ, ಪಾಲಾಗುವಾಗ ವಹಿಗಳನ್ನು ರದ್ದಿಗೆ ಹಾಕಬೇಡಿ. 1939ರಲ್ಲಿ ಮುಂಬಯಿ ಸರ್ಕಾರವೇ ಸ್ಥಾಪಿಸಿದ ಕನ್ನಡ ಸಂಶೋಧನ ಸಂಸ್ಥೆ ಧಾರವಾಡದಲ್ಲಿದೆ; ಅಲ್ಲಿಗೆ ಒಮ್ಮೆ ತೋರಿಸಿ, ಮೋಡಿ ಬಲ್ಲ ಹಿರಿಯರು ನಿಮ್ಮ ಊರಲ್ಲಿದ್ದರೆ ಅವರಿಂದ ನಾಲ್ಕು ಪುಟವಾದರೂ ಈಗಲೇ ಓದಿಸಿ ಬರೆದಿಟ್ಟುಕೊಳ್ಳಿ.